ಮಳೆ, ಗಿಟಾರು, ಕರಾರುಪತ್ರ: ಹಾಡು ಕಟ್ಟುವವರ ಪ್ರಶ್ನೆಗಳು

*ತಾವೇ ಬರೆದು, ತಾವೇ ರಾಗ ಹಾಕಿ, ಗಿಟಾರು ಹಿಡಿದು ಮೆಲ್ಲಗೆ ಹಾಡುವ ಸಾಫ್ಟ್ ರಾಕ್ ಧಾಟಿಯ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇವೆ.*

ಆಗುಂಬೆ ಹತ್ತಿರ ಹಂಚಿನ ಮನೆ. ಜೂನ್‌ನಲ್ಲಿ ರೆಕಾರ್ಡ್ ಮಾಡಿದ ಆರು ಹಾಡುಗಳಲ್ಲಿ ನನ್ನ ದನಿಗಿಂತ ಮಳೆಯೇ ಜೋರು. ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದೆ? ಯಾವ ಮೈಕ್ ಕೊಳ್ಳಲಿ?

ತೆಗೆಯಲು ಹೋಗಬೇಡಿ. ಫ್ಯಾನಿನ ಗುಂಯ್ ಒಂದೆರಡು ಕಡೆ ಮಾತ್ರ ಕೂತಿರುತ್ತದೆ, ಅದನ್ನು ಕತ್ತರಿಸಬಹುದು. ಮಳೆಯ ಸದ್ದು ಹಾಗಲ್ಲ, ಎಲ್ಲ ಕಂಪನಾಂಕಗಳಲ್ಲೂ ಹರಡಿರುತ್ತದೆ. ನಿಮ್ಮ ಸ, ಶ, ಷ ಅಕ್ಷರಗಳೂ ಅಲ್ಲೇ ಇರುವುದರಿಂದ ಮಳೆ ಅಳಿಸಿದರೆ ಅವೂ ಸವೆದು, ದನಿ ನೀರೊಳಗಿಂದ ಬಂದಂತಾಗುತ್ತದೆ. ಮಳೆಗಾಲದಲ್ಲಿ ಹಾಡು ಬರೆಯಿರಿ, ವೇಗ ಗೊತ್ತುಮಾಡಿ, ಕರಡು ಟ್ರ್ಯಾಕ್ ಇಟ್ಟುಕೊಳ್ಳಿ. ನಿಜವಾದ ಧ್ವನಿಮುದ್ರಣ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಗಲಿ. ಅಡಿಕೆ ಸುಲಿಯುವ ಯಂತ್ರ ಯಾವ ಹೊತ್ತಿಗೆ ನಿಲ್ಲುತ್ತದೆಂದು ಮಾತ್ರ ಪಕ್ಕದ ಮನೆಯಲ್ಲಿ ಕೇಳಿಕೊಳ್ಳಿ.

ಮೈಕ್‌ಗಿಂತ ಮೊದಲು ಕೋಣೆ ನೋಡಿ. ಮೊಟ್ಟೆ ಟ್ರೇ ಅಂಟಿಸುವುದು ದಂಡ. ಅದು ತೆಳು, ಮೇಲಿನ ಸ್ವರವನ್ನು ಒಂದಿಷ್ಟು ಚದುರಿಸುತ್ತದೆ ಅಷ್ಟೆ. ಕಂಬಳಿ ಕೂಡ ಮೇಲಿನ ಸ್ವರವನ್ನೇ ಹೀರುವುದು. ನೂರು ಹರ್ಟ್ಸ್‌ನ ತಗ್ಗು ಸ್ವರದ ಅಲೆ ಸುಮಾರು 3.4 ಮೀಟರ್ ಉದ್ದ, ಆ ಗುಮ್ ಸದ್ದನ್ನು ಹಿಡಿಯಲು ಸದ್ದು ಹೀರುವ, ನಾಲ್ಕು ಇಂಚು ದಪ್ಪದ ರಾಕ್‌ವೂಲ್ ಹಲಗೆಗೂ ಕಷ್ಟ. ಆದ್ದರಿಂದ ಕೋಣೆಯ ಮೂಲೆಯಲ್ಲಿ ನಿಲ್ಲಬೇಡಿ, ಗೋಡೆಯಿಂದ ಮೂರು ಅಡಿ ಈಚೆಗೆ ಬನ್ನಿ. ನಿಮ್ಮ ಬೆನ್ನ ಹಿಂದೆ ಎರಡು ಪದರ ರಜಾಯಿ ತೂಗುಹಾಕಿ. ಮೈಕ್ ನೇರ ಎದುರಿನದನ್ನೇ ಹೆಚ್ಚು ಕೇಳುವುದರಿಂದ, ನಿಮ್ಮ ಹಿಂದಿನ ಗೋಡೆಗೆ ತಗುಲಿ ಬರುವ ಸದ್ದೇ ಹೆಚ್ಚು ತೊಂದರೆ.

ಇನ್ನು ಮೈಕ್. ಮಲೆನಾಡಿನ ತೇವಕ್ಕೆ ವೇದಿಕೆಯಲ್ಲಿ ಹೆಚ್ಚಾಗಿ ಬಳಸುವ ಡೈನಮಿಕ್ ಮೈಕ್ ಗಟ್ಟಿ. ಕಂಡೆನ್ಸರ್ ಮೈಕ್‌ನ ತೆಳುಪೊರೆಗೆ ತೇವ ಕೂತರೆ ಪಟ್‌ಪಟ್ ಸದ್ದು ಶುರುವಾಗುತ್ತದೆ. ಅದೇ ಬೇಕೆಂದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ ಅದಕ್ಕೆ ವಿದ್ಯುತ್ ಕೊಡುವ 48 ವೋಲ್ಟ್ ಗುಂಡಿ ಒತ್ತುವುದನ್ನು ಮರೆಯಬೇಡಿ. ದನಿಗೆ ಆರರಿಂದ ಎಂಟು ಇಂಚು ದೂರ, ನಡುವೆ ಉಸಿರಿನ ರಭಸ ತಡೆಯುವ ಪಾಪ್ ಫಿಲ್ಟರ್. ಗಿಟಾರಿಗೆ ಹನ್ನೆರಡನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಎದುರು ಎಂಟರಿಂದ ಹನ್ನೆರಡು ಇಂಚು. ಮೈಕನ್ನು ದುಂಡು ರಂಧ್ರದ ಎದುರಿಟ್ಟರೆ ಗಡಿಗೆ ಬಡಿದಂತೆ ಕೇಳುತ್ತದೆ. 24 ಬಿಟ್‌ನಲ್ಲಿ ಹಿಡಿಯಿರಿ, ಅತಿ ಜೋರಾದ ಸಾಲು ಮೀಟರಿನಲ್ಲಿ −10 ಡೆಸಿಬೆಲ್ ಸುತ್ತ ಮುಟ್ಟಿದರೆ ಸಾಕು.

ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಂಡಾಗ ಬರುವ ಝೇಂಕಾರ ಬಹಳ ಜನರನ್ನು ಕಾಡುತ್ತದೆ. ಅಗ್ಗದ ಇನ್ವರ್ಟರ್ ಚೌಕಾಕಾರದ ಅಲೆ ಕೊಡುವುದೇ ಕಾರಣ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ, ಫೋನನ್ನು ಫ್ಲೈಟ್ ಮೋಡಿನಲ್ಲಿಡಿ.

ಮಳೆಗಾಲ ಮುಗಿಯುವಷ್ಟರಲ್ಲಿ ಗಿಟಾರಿನ ತಂತಿ ಮೇಲೆದ್ದು ಒತ್ತುವುದೇ ಕಷ್ಟವಾಗುತ್ತದೆ. ತಂತಿ ಕೂರುವ ಸೇತುವೆ (ಬ್ರಿಜ್) ಕೆರೆಸಲೆ? – ಹೊಸನಗರ

ಬೇಡ. ಮರ ತೇವ ಕುಡಿದು ಮೇಲ್ಹಲಗೆ ಉಬ್ಬಿದೆ, ಬೇಸಗೆಗೆ ಇಳಿಯುತ್ತದೆ. ಈಗ ಕೆರೆಸಿದರೆ ಮಾರ್ಚ್‌ನಲ್ಲಿ ತಂತಿ ಫ್ರೆಟ್ಟಿಗೆ ತಾಗಿ ಕಿರಗುಟ್ಟುತ್ತದೆ. ಗಾಳಿಯ ತೇವ ಶೇ. 45ರಿಂದ 55 ಇದ್ದರೆ ಗಿಟಾರು ಸುಖವಾಗಿರುತ್ತದೆ, ಗಟ್ಟಿ ಪೆಟ್ಟಿಗೆ ಮತ್ತು ಸಿಲಿಕಾ ಜೆಲ್ ಸಾಕು. ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಹಳೇ ಬುದ್ಧಿ ಅಡಿಕೆಗೆ ಸರಿ, ಅಂಟು ಹಾಕಿದ ವಾದ್ಯಕ್ಕಲ್ಲ. ಧ್ವನಿಮುದ್ರಣಕ್ಕೆ ಒಂದು ದಿನ ಮೊದಲೇ ತಂತಿ ಬದಲಿಸಿ. ಹೊಸ ತಂತಿ ಹಿಗ್ಗುತ್ತಿರುವಾಗ ಶ್ರುತಿ ನಿಲ್ಲದು.

ಕೇಳಿದ ಆಲ್ಬಂಗಳಲ್ಲಿ ಒಂದೇ ಕಂಠ ತುಂಬಿಕೊಂಡು ಬರುತ್ತದೆ. ನಾನು ಅದೇ ಸಾಲನ್ನು ಎರಡು ಸಲ ಹಾಡಿ ಜೋಡಿಸಿದರೆ ಗೊಂದಲವಾಗುತ್ತದೆ. – ಸಾಗರ

ಸಾಫ್ಟ್ ರಾಕ್‌ನ ಮೃದುತನಕ್ಕೆ ಜೋಡಿ ದನಿಯೂ ಒಂದು ಕಾರಣ. ಅಮೆರಿಕದ ಕಾರ್ಪೆಂಟರ್ಸ್ ಅಣ್ಣ–ತಂಗಿ 1970ರ ದಶಕದಲ್ಲಿ ತಮ್ಮ ಎರಡೇ ಕಂಠಗಳನ್ನು ಮತ್ತೆ ಮತ್ತೆ ಮುದ್ರಿಸಿ ಇಡೀ ಮೇಳ ಕಟ್ಟುತ್ತಿದ್ದರು. ಕನ್ನಡಕ್ಕೆ ಒಂದು ಅನುಕೂಲ: ನಮ್ಮ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುತ್ತವೆ, ಕೊನೆಯ ವ್ಯಂಜನ ಎರಡು ಸಲ ಕೇಳುವ ಕಾಟ ಕಡಿಮೆ. ಕಾಟ ಕೊಡುವುದು ಒತ್ತಕ್ಷರ. 'ಬೆಟ್ಟ', 'ಹೊತ್ತು', 'ಹಕ್ಕಿ' ಪದಗಳ ಬಿಡುಗಡೆ ಕೂದಲೆಳೆಯಷ್ಟು ಹಿಂದುಮುಂದಾದರೂ ಟಕ್‌ಟಕ್ ಎನ್ನುತ್ತದೆ. ಎರಡನೇ ಸಲ ಹಾಡುವಾಗ ಒತ್ತನ್ನು ಸಡಿಲಬಿಟ್ಟು ಸ್ವರವನ್ನಷ್ಟೇ ಎಳೆಯಿರಿ, ಅದನ್ನು ಮೊದಲಿನದಕ್ಕಿಂತ ಎಂಟು ಹತ್ತು ಡೆಸಿಬೆಲ್ ತಗ್ಗಿಸಿ. ಚರಣ ಒಂಟಿ ದನಿಯಲ್ಲೇ ಇರಲಿ, ಪಲ್ಲವಿಗೆ ಮಾತ್ರ ಜೋಡಿ. ಮೊದಲಿಂದ ಕೊನೆತನಕ ಜೋಡಿ ದನಿ ಹಾಕಿದವರ ಹಾಡು ಎರಡೇ ನಿಮಿಷಕ್ಕೆ ಬೇಜಾರು ತರುತ್ತದೆ.

ಶರೀಫರ ತತ್ತ್ವಪದವನ್ನೂ ಕುವೆಂಪು ಕವಿತೆಯೊಂದನ್ನೂ ಗಿಟಾರಿನಲ್ಲಿ ಹಾಡಿ ಆಲ್ಬಮ್ಮಿಗೆ ಸೇರಿಸಬೇಕೆಂದಿದ್ದೇನೆ. ಅನುಮತಿ ಬೇಕೆ? – ತೀರ್ಥಹಳ್ಳಿ

ಪದ ಬೇರೆ, ರಾಗ ಬೇರೆ, ಮುದ್ರಿತ ಧ್ವನಿ ಬೇರೆ. ಮೂರಕ್ಕೂ ಹಕ್ಕು ಬೇರೆಬೇರೆ. ಕವಿಯ ಹಕ್ಕು ಅವರ ಕಾಲಾನಂತರ 60 ವರ್ಷ ಇರುತ್ತದೆ, ಮರುವರ್ಷದ ಆರಂಭದಿಂದ ಎಣಿಕೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಪದ ಎಲ್ಲರದು. ಆದರೆ ನಿಮ್ಮ ಬಾಯಿಗೆ ಬರುವ ಧಾಟಿ ಬಹುಶಃ ಸಿ. ಅಶ್ವಥ್ ಅವರದು. ಅವರು ನಿಧನರಾದದ್ದು 2009ರಲ್ಲಿ, ಆ ರಾಗಸಂಯೋಜನೆಗೆ 2069ರ ಕೊನೆವರೆಗೆ ರಕ್ಷಣೆ ಇದೆ. ಹಾಗಾಗಿ ಸ್ವಂತ ರಾಗ ಹಾಕಿ, ಇಲ್ಲವೇ ಹಕ್ಕುದಾರರನ್ನು ಕೇಳಿ. ಕುವೆಂಪು 1994ರಲ್ಲಿ ತೀರಿಕೊಂಡರು. ನೀವು ಹೊಸ ರಾಗ ಹಾಕಿದರೂ 2054ರ ಕೊನೆವರೆಗೆ ಲಿಖಿತ ಅನುಮತಿ ಬೇಕು. ಪತ್ರದಲ್ಲಿ ಕವಿತೆಯ ಹೆಸರು, ಯಾವ ಮಾಧ್ಯಮ, ಎಷ್ಟು ವರ್ಷ, ಯಾವ ದೇಶಗಳು, ಸಂಭಾವನೆ ಎಷ್ಟು ಎಂದು ನಮೂದಿಸಿ. ಯೂಟ್ಯೂಬ್‌ಗೆಂದು ಮಾತ್ರ ಕೇಳಿದವರು ಆಮೇಲೆ ಸ್ಟ್ರೀಮಿಂಗ್‌ಗೆ ಹಾಕುವಾಗ ಮತ್ತೆ ಅಲೆಯಬೇಕಾಗುತ್ತದೆ.

ಒಂದು ಕಂಪನಿ ಆರು ಹಾಡಿಗೆ ಒಟ್ಟು ಮೊತ್ತ ಕೊಟ್ಟು 'ಎಲ್ಲ ಹಕ್ಕು ನಮಗೆ' ಎನ್ನುತ್ತಿದೆ. – ಶಿವಮೊಗ್ಗ

ಈಗಲೇ ಸಹಿ ಹಾಕಬೇಡಿ. ಅವರು ಕೊಳ್ಳುತ್ತಿರುವುದು ಧ್ವನಿಮುದ್ರಣವನ್ನೋ, ಹಾಡನ್ನೋ (ಪದ, ರಾಗ), ಎರಡನ್ನೂ ಸೇರಿಸಿಯೋ ಎಂದು ಮೊದಲು ಬರೆಸಿ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಅಮೆರಿಕದ ಗಾಯಕ ಜೇಮ್ಸ್ ಟೇಲರ್ ಅವರ ಹಾದಿ ನೋಡಿದರೆ ತಿಳಿಯುತ್ತದೆ. ಅವರ ಮೊದಲ ಆಲ್ಬಂ 1968ರಲ್ಲಿ ಬೀಟಲ್ಸ್ ತಂಡದ ಕಂಪನಿ ಆ್ಯಪಲ್ ರೆಕಾರ್ಡ್ಸ್‌ನಿಂದ ಬಂತು. ಮುಂದೆ ಕಂಪನಿ ಬದಲಾಯಿತು. 1976ರ ಜನಪ್ರಿಯ ಹಾಡುಗಳ ಸಂಕಲನಕ್ಕೆ ಆ ಮೊದಲ ಆಲ್ಬಮ್ಮಿನ ಎರಡು ಹಾಡುಗಳನ್ನು ಅವರು ಹೊಸದಾಗಿ ಹಾಡಿ ಮುದ್ರಿಸಬೇಕಾಯಿತು. ಮೂಲ ಧ್ವನಿಮುದ್ರಣ ಹಳೆಯ ಕಂಪನಿಯದಾಗಿತ್ತು. ಹಾಡನ್ನು ಹೀಗೆ ಮತ್ತೆ ಧ್ವನಿಮುದ್ರಿಸುವುದನ್ನು ಇಂತಿಷ್ಟು ವರ್ಷ ನಿಷೇಧಿಸುವ ಷರತ್ತು ನಿಮ್ಮ ಕರಾರುಪತ್ರದಲ್ಲಿದ್ದರೆ ಆ ದಾರಿಯೂ ಮುಚ್ಚುತ್ತದೆ. ಅದನ್ನು ಹುಡುಕಿ ಓದಿ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 2012ರ ತಿದ್ದುಪಡಿಯ ನಂತರ ಬರೆದವರ, ರಾಗ ಹಾಕಿದವರ ಪರವಾಗಿದೆ. ಹಕ್ಕು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ನಿಮ್ಮ ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಬೇರೆ ಷರತ್ತು ಇಲ್ಲದಿದ್ದರೆ, ಒಂದು ವರ್ಷ ಹಕ್ಕು ಬಳಸದೆ ಕೂತ ಕಂಪನಿಯ ಕೈಯಿಂದ ಅದು ನಿಮಗೇ ಮರಳುತ್ತದೆ. ಪಾಲು ವಸೂಲಿಗೆ, ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಘವಾದ ಐಪಿಆರ್‌ಎಸ್ ಸದಸ್ಯತ್ವ ಮಾಡಿಸಿ, ಪ್ರತಿ ಹಾಡನ್ನೂ ಅಲ್ಲಿ ನೋಂದಾಯಿಸಿ. ಸದಸ್ಯರಾಗಿಯೂ ಹಾಡು ನೋಂದಾಯಿಸದೆ ಬಿಡುವವರಿದ್ದಾರೆ.

ಕಂಪನಿ ಬೇಡವೆನಿಸಿದರೆ, ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಮೂಲಕ ನೀವೇ ಬಿಡುಗಡೆ ಮಾಡಬಹುದು. ಪ್ರತಿ ಧ್ವನಿಮುದ್ರಣಕ್ಕೂ ಅದನ್ನು ಗುರುತಿಸುವ ಹನ್ನೆರಡು ಅಕ್ಷರ–ಅಂಕಿಯ ಐಎಸ್‌ಆರ್‌ಸಿ ಸಂಕೇತ ಅವರೇ ಕೊಡುತ್ತಾರೆ. ಫೈಲನ್ನು ಮೂರು ನಾಲ್ಕು ವಾರ ಮೊದಲೇ ಕಳಿಸಿ. ಸ್ಪಾಟಿಫೈಯ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ತೋರಿಸಲು ಬಿಡುಗಡೆಗೆ ಕನಿಷ್ಠ ಏಳು ದಿನ ಇರಬೇಕು. ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸದ ಹಾಡಿಗೆ ಅಲ್ಲಿ ದುಡ್ಡು ಹುಟ್ಟುವುದಿಲ್ಲ. ಆದ್ದರಿಂದ ಆರನ್ನೂ ಒಟ್ಟಿಗೆ ಸುರಿಯದೆ ಆರು ವಾರಕ್ಕೊಂದರಂತೆ ಬಿಡಿ.