ಹೊಳೆದಂಡೆಯ ಬೆತ್ತಲೆ ಹೆಂಗಸಿನ ಚಿತ್ರವನ್ನು ಹೇಗೆ ನೋಡಬೇಕು?

ಮೈಸೂರಿನ ಪ್ರದರ್ಶನವೊಂದರಲ್ಲಿ ನೋಡಿದ ಚಿತ್ರದ ಬಗ್ಗೆ ಕೇಳಿದ್ದೀರಿ: ಹೊಳೆ ನೀರಲ್ಲಿ ಕಾಲಿಳಿಸಿ, ನಮಗೆ ಬೆನ್ನು ಹಾಕಿ ಬಂಡೆ ಮೇಲೆ ಕೂತ ಬೆತ್ತಲೆ ಹೆಂಗಸು, ಪಕ್ಕದ ಪೊದೆ ಮೇಲೆ ಅವಳ ಸೀರೆ. ಜೊತೆಗಿದ್ದ ಒಬ್ಬರು ಅಶ್ಲೀಲ ಅಂದರಂತೆ, ಇನ್ನೊಬ್ಬರು ‘ಹೆಣ್ಣೆಂದರೆ ಪ್ರಕೃತಿ’ ಅಂದರಂತೆ. ಎರಡೂ ಚಿತ್ರ ನೋಡದೆಯೇ ಆಡಬಹುದಾದ ಮಾತು ಬಿಡಿ.

ನಾನಾದರೆ ಮೊದಲು ಆ ಸೀರೆ ನೋಡುತ್ತೇನೆ. ಸುಮಾರು 1510ರಲ್ಲಿ ಇಟಲಿಯ ಚಿತ್ರಕಾರ ಜಾರ್ಜೋನೆ ಬಯಲಲ್ಲಿ ಮಲಗಿದ ಪ್ರೇಮದೇವತೆ ವೀನಸ್ಸನ್ನು ಬೆತ್ತಲೆಯಾಗಿ ಬರೆದ. ಕಣ್ಣು ಮುಚ್ಚಿದೆ, ಹಿಂದಿನ ಗುಡ್ಡಗಳ ಏರಿಳಿತ ಅವಳ ಮೈಯದ್ದೇ. ಕಳಚಿಟ್ಟ ಉಡುಪು ಎಲ್ಲೂ ಇಲ್ಲ. ದೇವತೆ ಉಟ್ಟಿದ್ದರೆ ತಾನೇ ಬಿಚ್ಚುವುದು! 1863ರಲ್ಲಿ ಫ್ರಾನ್ಸಿನ ಚಿತ್ರಕಾರ ಮಾನೆ ‘ಹುಲ್ಲಿನ ಮೇಲಿನ ಊಟ’ ಚಿತ್ರದಲ್ಲಿ ಬೆತ್ತಲೆ ಹೆಂಗಸನ್ನು ಕೂರಿಸಿ, ಅವಳು ಬಿಚ್ಚಿದ ಬಟ್ಟೆ, ಟೋಪಿ, ಹಣ್ಣಿನ ಬುಟ್ಟಿಯನ್ನು ಕಣ್ಣೆದುರೇ ಹರಡಿದ. ಪಕ್ಕದಲ್ಲಿ ಕೋಟು ತೊಟ್ಟ ಇಬ್ಬರು ಗಂಡಸರು, ಅವಳ ನೋಟ ನೇರ ನಮ್ಮ ಮೇಲೆ. ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಿಮ್ಮ ಚಿತ್ರದ ಸೀರೆಯೂ ಹಾಗೇ: ಇವಳು ದೇವತೆಯಲ್ಲ, ಪಕ್ಕದೂರಿನವಳು, ಮಿಂದು ಮನೆಗೆ ಹೋಗುವವಳು. ಹಾಗಾದರೆ ಬೆನ್ನ ಹಿಂದೆ ನಿಂತ ನಾವು ಯಾರು? ಇಣುಕುವವರೋ? ನಿಮ್ಮ ಸ್ನೇಹಿತರಿಗೆ ಇರುಸುಮುರುಸಾಗಿದ್ದು ಇದಕ್ಕೇ ಇರಬಹುದು.

ನಮ್ಮಲ್ಲಿ ಹೆಣ್ಣಿಗೂ ಮರಕ್ಕೂ ಇರುವ ನಂಟೇ ಬೇರೆ. ಕವಿಗಳ ಪ್ರಕಾರ ಅವಳು ಒದ್ದರೆ ಅಶೋಕ ಹೂ ಬಿಡುತ್ತದೆ. ಬೇಲೂರಿನ ಮದನಿಕೆಯರ ತಲೆ ಮೇಲೆ ಎಲೆಬಳ್ಳಿಯ ಚಪ್ಪರ. ಒಬ್ಬಳ ಸೀರೆಯನ್ನಂತೂ ಕೋತಿ ಎಳೆಯುತ್ತಿದೆ. ಅಲ್ಲಿ ಕಾಡು ಸುಮ್ಮನೆ ಪರದೆಯಾಗಿ ನಿಂತಿಲ್ಲ.

ಆಮೇಲೆ ಬೆಳಕು. ಜಗನ್ಮೋಹನ ಅರಮನೆಯಲ್ಲಿ ಚಿತ್ರಕಾರ ಹಾಲ್ದಣ್ಕರ್ ಬರೆದ, ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತಾಗ ದೀಪದ ಬೆಳಕು ಬೆರಳಿಂದ ಮುಖಕ್ಕೆ ಹೇಗೆ ಹತ್ತುತ್ತದೆಂದು ನೋಡುತ್ತೀವಲ್ಲ, ಹಾಗೆ. ಚಿತ್ರಕಲೆ ಕಲಿಯುವಾಗ ನಾವೂ ಕ್ಲಾಸಲ್ಲಿ ಮಾಡೆಲ್ ಬರೆದು, ಆಮೇಲೆ ಹಿಂದೆ ಒಂದು ಮರ ಅಂಟಿಸುತ್ತಿದ್ದೆವು. ಮೇಷ್ಟ್ರು ಕೇಳೋರು: ‘ಈಯಮ್ಮ ನಿಂತಿರೋ ನೆಲ ಕಾದಿದ್ಯೋ ತಣ್ಣಗಿದ್ಯೋ?’ ನಮ್ಮ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಪ್ರದರ್ಶನ ಇನ್ನೂ ಇದ್ದರೆ ಮತ್ತೊಮ್ಮೆ ಹೋಗಿ, ಅವಳ ಕಾಲು ನೋಡಿ. ನೀರಿನೊಳಗಿದೆಯೋ, ನೀರಿನ ಬಣ್ಣದ ಮೇಲೆ ಕೂತಿದೆಯೋ?