ಹಳೇ ಸಿನಿಮಾ ಹಾಕಿದರೆ ಅರ್ಧ ಗಂಟೆಗೆ ನಿದ್ದೆ ಬರುತ್ತೆ, ನೋಡಬಹುದಾದ ಹತ್ತು ಕ್ಲಾಸಿಕ್ ಹೇಳಿ ಅಂದವರಿಗೆ

ಈ ಪ್ರಶ್ನೆ ಹಿಡಿದುಕೊಂಡು ಒಂದು ಕಾಲಕ್ಕೆ ನಾನೂ ತಿರುಗಿದವನೇ, ಅದಕ್ಕೇ ಉದ್ದುದ್ದ ಬರೀತಿದ್ದೀನಿ. ನೀವು ಹಾಸನದವರು, ಮನೆಯಲ್ಲಿ 43 ಇಂಚಿನ ಟಿವಿ ಇದೆ. ಯಾರೋ ಕೊಟ್ಟ 'ಸಾರ್ವಕಾಲಿಕ ಶ್ರೇಷ್ಠ' ಪಟ್ಟಿ ಹಿಡಿದು 'ಘಟಶ್ರಾದ್ಧ' ಹಾಕಿದಿರಿ, ನಿದ್ದೆ ಬಂತು. 'ಬಂಗಾರದ ಮನುಷ್ಯ' ಹಾಕಿದಿರಿ, ಎಲ್ಲ ಕೆಂಪುಕೆಂಪಾಗಿ ಕಂಡು ಬೇಜಾರಾಯ್ತು. ಸ್ಕ್ರೀನ್ ತುಂಬ ಚಿತ್ರ ಬರುತ್ತಿತ್ತು, ಮಾತು ಮಾತ್ರ ಯಾಕೋ ಕೀರಲು ಅಂತಲೂ ಬರೆದಿದ್ದೀರಿ. ಈಗ 'ನಮ್ಮ ವಯಸ್ಸಿನವರಿಗೆ ತಡೆದುಕೊಳ್ಳೋಕೆ ಆಗುವಂಥ ಹತ್ತು ಹೇಳಿ' ಅಂತೀರಿ.

ಹತ್ತರ ಪಟ್ಟಿ ಕೊಡಲ್ಲ. ವಯಸ್ಸಿನ ಮಾತನ್ನೂ ಒಪ್ಪಲ್ಲ. ನೀವು ಆ ಎರಡೂ ಸಿನಿಮಾ ಇನ್ನೂ ನೋಡೇ ಇಲ್ಲ ಮಾರಾಯ್ರೇ, ಅವುಗಳ ಹಾಳಾದ ಪ್ರತಿ ನೋಡಿದ್ದೀರಿ. ಹಳೇ ಚಿತ್ರ ನೋಡಲು ಕೂರುವ ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ ಅನ್ನೋದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಮೊದಲು ಪ್ರತಿಯ ವಿಚಾರ, ಆಮೇಲೆ ಸಿನಿಮಾ.

ಕನ್ನಡಕ್ಕೆ ಸಿನಿಮಾಸ್ಕೋಪ್, ಅಂದರೆ ತುಂಬ ಅಗಲದ ಚೌಕಟ್ಟು, ಬಂದದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದಿಂದ. ಅದಕ್ಕೆ ಮುಂಚಿನ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ನಿಮ್ಮ ಟಿವಿ 16:9. ಹಾಗಾಗಿ ಸರಿಯಾದ ಪ್ರತಿ ಹಾಕಿದರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರಲೇಬೇಕು. ಸ್ಕ್ರೀನ್ ತುಂಬಿದೆ ಅಂದರೆ ಯಾರೋ ಅದನ್ನು ಅಡ್ಡಕ್ಕೆ ಎಳೆದಿದ್ದಾರೆ, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿದ್ದಾರೆ.

ಎಳೆದಿದ್ದರೆ ಅಗಲ ಮೂರನೇ ಒಂದು ಭಾಗ ಹೆಚ್ಚಿರುತ್ತದೆ. ಗಾಡಿಚಕ್ರ, ನಾಯಕಿಯ ಕುಂಕುಮ, ಗೋಡೆ ಗಡಿಯಾರ, ದುಂಡಗಿರಬೇಕಾದ್ದು ಯಾವುದಾದರೂ ಸಿಕ್ಕಲ್ಲಿ ನಿಲ್ಲಿಸಿ ನೋಡಿ. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಎಳೆದದ್ದೇ. ಟಿವಿಯೇ ಎಳೆಯುತ್ತಿದ್ದರೆ ರಿಮೋಟಿನಲ್ಲಿ ಪಿಕ್ಚರ್ ಸೈಜಿಗೆ ಹೋಗಿ 4:3 ಅಥವಾ ಒರಿಜಿನಲ್ ಅಂತ ಇಟ್ಟರೆ ಮುಗೀತು. ವಿಡಿಯೋ ಫೈಲೇ ಹಾಗಿದ್ದರೆ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರಿನಲ್ಲಿ ತೆರೆದು 'ಎ' ಕೀಲಿ ಒತ್ತುತ್ತಾ ಹೋಗಿ, 4:3 ಬಂದಾಗ ನಿಲ್ಲಿಸಿ, ಎಚ್‌ಡಿಎಂಐ ವೈರಿನಲ್ಲಿ ಟಿವಿಗೆ ಕೊಡಿ.

ಕತ್ತರಿಸಿದ್ದರೆ ಮಾತ್ರ ರಿಪೇರಿ ಇಲ್ಲ. 4:3ರ ಚಿತ್ರವನ್ನು 16:9ಕ್ಕೆ ಕತ್ತರಿಸಿದರೆ ಎತ್ತರದಲ್ಲಿ ಕಾಲು ಭಾಗ ಕಸದಬುಟ್ಟಿಗೆ ಹೋಗಿರುತ್ತದೆ. ಟೈಟಲ್ ಕಾರ್ಡಿನಲ್ಲೇ ಇದು ಗೊತ್ತಾಗುತ್ತದೆ, ಮೇಲಿನ ಅಥವಾ ಕೆಳಗಿನ ಸಾಲಿನ ಅಕ್ಷರ ಅರ್ಧ ತುಂಡಾಗಿರುತ್ತದೆ, ಒತ್ತು ಕೊಂಬು ಮಾಯವಾಗಿರುತ್ತದೆ. 'ಘಟಶ್ರಾದ್ಧ'ದಲ್ಲಿ ಇದರ ಪರಿಣಾಮ ಎಷ್ಟು ಅಂತ ಯೋಚಿಸಿ: ಇಡೀ ಕಥೆಯನ್ನು ನಾವು ನಾಣಿ ಅನ್ನೋ ಸಣ್ಣ ಹುಡುಗನ ಜೊತೆ ನಿಂತು ನೋಡಬೇಕು. ಹುಡುಗ ದೊಡ್ಡವರ ಪಕ್ಕ ನಿಂತ ದೃಶ್ಯದಲ್ಲಿ ಕತ್ತರಿಸಿದ ಪ್ರತಿಯಲ್ಲಿ ಒಂದೋ ದೊಡ್ಡವರ ತಲೆ ಹೋಗುತ್ತದೆ, ಇಲ್ಲಾ ಹುಡುಗ ಎದೆಯಿಂದ ಮೇಲಷ್ಟೇ ಉಳಿಯುತ್ತಾನೆ. ಅವನು ಎಷ್ಟು ಚಿಕ್ಕವನು ಅನ್ನೋದೇ ಕಾಣದಿದ್ದರೆ ಆ ಚಿತ್ರದಲ್ಲಿ ನೋಡೋಕೆ ಏನು ಉಳೀತು? ನಿದ್ದೆ ಬಂದದ್ದು ನ್ಯಾಯವೇ. ಇಂಥ ಪ್ರತಿ ಸಿಕ್ಕರೆ ಅಲ್ಲೇ ಬಿಟ್ಟು ಬೇರೆ ಹುಡುಕಿ. ಹಳೇ ವಿಸಿಡಿಯಿಂದ ಬಂದ ಮಸುಕು ಪ್ರತಿಯಾದರೂ ಪರವಾಗಿಲ್ಲ, ಚೌಕಟ್ಟು ಪೂರ್ತಿ ಇರಲಿ. ವಿಸಿಡಿಯಲ್ಲಿ ಇರೋದು ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ ಅಷ್ಟೇ, ಆರಡಿಯಿಂದ ನೋಡಿದರೆ ಕತ್ತಲ ದೃಶ್ಯವೆಲ್ಲ ಚೌಕಚೌಕ. ಹತ್ತಡಿ ಹಿಂದೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಕೀರಲು ಮಾತಿನ ಕಾರಣ ಬೇರೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್ (ಒಂದೊಂದು ಬಿಡಿ ಚಿತ್ರ), ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್ ಓಡುವುದು 25. ಟೇಪಿಗೆ ಇಳಿಸುವಾಗ 24ನ್ನು 25ರ ವೇಗದಲ್ಲಿ ಓಡಿಸಿಬಿಟ್ಟರೆ ಚಿತ್ರ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ, ಶ್ರುತಿಯೂ ಅಷ್ಟೇ ಏರುತ್ತದೆ. ಪಿ.ಬಿ. ಶ್ರೀನಿವಾಸರ ಮಂದ್ರದ ದನಿ ತೆಳುವಾಗುವುದು ಹೀಗೆ. ಪ್ರತಿ ಹೀಗಾಗಿದೆಯೋ ಇಲ್ಲವೋ ಅಂತ ಪತ್ತೆ ಮಾಡಲು ಚಿತ್ರದ ಮೊದಲಿಗೆ ಬರುವ ಸೆನ್ಸಾರ್ ಸರ್ಟಿಫಿಕೇಟ್ ಸಾಕು. ಎಲ್ಲರೂ ದಾಟಿಸಿಬಿಡುವ ಆ ಕಾಗದವೇ ನಿಮ್ಮ ಅಳತೆಗೋಲು. ಅದರಲ್ಲಿ ಚಿತ್ರದ ಉದ್ದ ಮತ್ತು ರೀಲುಗಳ ಲೆಕ್ಕ ಇರುತ್ತದೆ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ, ಅಂದರೆ 27.43 ಮೀಟರ್ ಓಡುತ್ತದೆ. ಉದ್ದ 4,115 ಮೀಟರ್ ಅಂತಿದ್ದರೆ 27.43ರಿಂದ ಭಾಗಿಸಿ, 150 ನಿಮಿಷ ಬರುತ್ತದೆ. ಉದ್ದವನ್ನು ಅಡಿಯಲ್ಲಿ ಕೊಟ್ಟಿದ್ದರೆ 90ರಿಂದ ಭಾಗಿಸಿ. ಈಗ ನಿಮ್ಮ ಪ್ರತಿಯ ಅವಧಿ ನೋಡಿ. 144 ನಿಮಿಷ ಇದ್ದರೆ ವೇಗ ಏರಿದೆ, ಚಿತ್ರ ಪೂರ್ತಿ ಇದೆ. 139 ಇದ್ದರೆ ಒಂದು ರೀಲ್ ಹಾರಿಹೋಗಿರುವ ಸಾಧ್ಯತೆ ಹೆಚ್ಚು, ಸಾವಿರ ಅಡಿಯ ಒಂದು ರೀಲ್ ಅಂದರೆ ಸುಮಾರು 11 ನಿಮಿಷ. ಇನ್ನೂ ಕಡಿಮೆ ಇದ್ದರೆ ಹಾಡುಗಳಿಗೆ ಕತ್ತರಿ ಬಿದ್ದಿರುತ್ತದೆ.

ವೇಗ ಏರಿದ್ದನ್ನು ವಿಎಲ್‌ಸಿಯಲ್ಲಿ 0.96ಕ್ಕೆ ಇಳಿಸಬಹುದು. ಆದರೆ ಬರೀ ಅಷ್ಟು ಮಾಡಿದರೆ ಶ್ರುತಿ ಇಳಿಯಲ್ಲ. ಪ್ರಿಫರೆನ್ಸಸ್‌ನಲ್ಲಿ ಆಡಿಯೋ ವಿಭಾಗಕ್ಕೆ ಹೋಗಿ ಟೈಮ್ ಸ್ಟ್ರೆಚಿಂಗ್ ಅನ್ನೋದರ ಟಿಕ್ ತೆಗೆಯಬೇಕು. ಅದು ಆನ್ ಇದ್ದರೆ ವೇಗ ಎಷ್ಟೇ ಬದಲಿಸಿದರೂ ದನಿ ಮೊದಲಿದ್ದ ಶ್ರುತಿಯಲ್ಲೇ ಇರುತ್ತದೆ. ಯೂಟ್ಯೂಬಿನಲ್ಲಿ ವೇಗ ಕಡಿಮೆ ಮಾಡಿದಾಗ ಆಗುವುದೂ ಇದೇ, ಹಾಗಾಗಿ ಅಲ್ಲಿ ಆ ಗೋಜಿಗೆ ಹೋಗಬೇಡಿ.

'ಬಂಗಾರದ ಮನುಷ್ಯ'ದ ಕೆಂಪು: ಆ ಕಾಲದ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಮಾಸುತ್ತದೆ, ಕೆಂಪು ಉಳಿದುಬಿಡುತ್ತದೆ. ಟಿವಿಯಲ್ಲಿ ಕಲರ್ 50 ಇದ್ದರೆ 15-20ಕ್ಕೆ ಇಳಿಸಿ. ಪೂರ್ತಿ ಬಣ್ಣ ವಾಪಸ್ ಬರಲ್ಲ, ಆದರೆ ಗದ್ದೆ ಗುಲಾಬಿಯಾಗಿ ಕಾಣುವುದು ತಪ್ಪುತ್ತದೆ. ಕಪ್ಪು-ಬಿಳುಪು ಚಿತ್ರಕ್ಕೆ ಕಲರ್ ಸೊನ್ನೆಗೇ ಇಳಿಸಿ. ಎರಡಕ್ಕೂ ಮೋಷನ್ ಸ್ಮೂದಿಂಗ್ ಆಫ್ ಮಾಡಿ (ಚಲನೆ ನುಣುಪಾಗಿ ಕಾಣಲಿ ಅಂತ ಟಿವಿಯೇ ನಡುವೆ ಫ್ರೇಮ್ ತುಂಬುವುದು; ಒಂದೊಂದು ಕಂಪನಿ ಟಿವಿಯಲ್ಲಿ ಒಂದೊಂದು ಹೆಸರು, ಹೆಸರಲ್ಲಿ 'ಮೋಷನ್' ಇದ್ದರೆ ಅದೇ), ಇಲ್ಲದಿದ್ದರೆ ಪುಟ್ಟಣ್ಣ ಕಣಗಾಲರ ಚಿತ್ರವೂ ಸಂಜೆ ಧಾರಾವಾಹಿ ಥರ ಕಾಣುತ್ತದೆ. ಸೌಂಡ್ ಬಾರ್ ಇದ್ದರೆ ಸರೌಂಡ್ ತೆಗೆದು ಮಾತಿಗೆ ಒತ್ತು ಕೊಡುವ ಮೋಡ್ ಇಡಿ, ಹಳೇ ಚಿತ್ರದ ಶಬ್ದ ಒಂದೇ ಟ್ರ್ಯಾಕಿನದು. ಟ್ರೆಬಲ್ ಏರಿಸಬೇಡಿ, ಏರುವುದು ಬರೀ ಬುಸುಬುಸು ಸದ್ದು. ಇನ್ನು ಸಕಲೇಶಪುರ, ಮೂಡಿಗೆರೆ ಕಡೆ ಶೀಟಿನ ಮನೆಯಲ್ಲಿದ್ದವರಿಗೆ ಜುಲೈ ತಿಂಗಳ ಮಳೆ ಸದ್ದಿನಲ್ಲಿ ಹೆಡ್‌ಫೋನ್ ಒಂದೇ ಗತಿ.

ಇಷ್ಟಾದ ಮೇಲೆ ಯಾವುದನ್ನು ನೋಡೋದು? ನೀವಿರುವ ಜಿಲ್ಲೆಯಿಂದಲೇ ಶುರು ಮಾಡಿ. ಇದು ಊರಭಿಮಾನದ ಮಾತಲ್ಲ. ಹಳೇ ಚಿತ್ರದಲ್ಲಿ ಗೊತ್ತಿಲ್ಲದ್ದು ಒಟ್ಟಿಗೇ ಬಹಳ ಎದುರಾಗುತ್ತದೆ: ನಟನೆಯ ರೀತಿ, ಮಾತಿನ ಲಯ, ದೃಶ್ಯ ಕತ್ತರಿಸುವ ವೇಗ. ಊರು, ಜನ, ಜಗಳವಾದರೂ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ.

ಮೊದಲನೆಯದು 'ಭೂತಯ್ಯನ ಮಗ ಅಯ್ಯು', 1974, ನಿರ್ದೇಶನ ಸಿದ್ಧಲಿಂಗಯ್ಯ. ಕಥೆ ನಿಮ್ಮ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಎಂ.ಪಿ. ಶಂಕರ್ ಭೂತಯ್ಯ, ಲೋಕೇಶ್ ಅಯ್ಯು, ವಿಷ್ಣುವರ್ಧನ್ ಗುಳ್ಳ. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯದ ತುಣುಕು ಮೊಬೈಲಿನಲ್ಲಿ ನೋಡೇ ಇರುತ್ತೀರಿ, ಆದರೆ ಚಿತ್ರದ ತಿರುಳು ಅದಲ್ಲ. ಹಳ್ಳಿಯ ಹಗೆ ಕೋರ್ಟಿನ ಮೆಟ್ಟಿಲೇರಿದ ಮೇಲೆ ಮನೆಗಳು ಹೇಗೆ ಕರಗುತ್ತವೆ ಅನ್ನೋದರ ಮೇಲೆ ಕಣ್ಣಿಡಿ. ಹಾಸನದ ಕೋರ್ಟ್ ಮುಂದೆ ಸೋಮವಾರ ಬೆಳಿಗ್ಗೆ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಲೋಕೇಶ್ ಅಬ್ಬರಿಸುವಾಗ ನೋಡುವುದಕ್ಕಿಂತ ಸುಮ್ಮನಿದ್ದಾಗ ನೋಡಿ. ಕೊನೆಯ ಪ್ರವಾಹದ ಭಾಗವನ್ನು ಮಾತ್ರ ಮೊಬೈಲಿನಲ್ಲಿ ನೋಡಬೇಡಿ, ನನ್ನಾಣೆ.

ಎರಡನೆಯದು 'ಬೆಳ್ಳಿಮೋಡ', 1967. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಮತ್ತು ಕಲ್ಯಾಣ್ ಕುಮಾರ್. ಎಸ್ಟೇಟ್ ಮನೆಯ ಒಬ್ಬಳೇ ಮಗಳು ಅಂತ ಮದುವೆಗೆ ಒಪ್ಪಿದ ಹುಡುಗ, ಅವಳಿಗೆ ತಮ್ಮ ಹುಟ್ಟಿ ಆಸ್ತಿಯ ಲೆಕ್ಕ ತಪ್ಪಿದಾಗ ಏನು ಮಾಡುತ್ತಾನೆ? ಚಿಕ್ಕಮಗಳೂರಿನ ಯಾವ ತೋಟದ ಮನೆಯ ಜಗುಲಿಯಲ್ಲಾದರೂ ಇಂದಿಗೂ ನಡೆಯಬಹುದಾದ ಮಾತುಕತೆ ಇದು. ಬೇಂದ್ರೆಯವರ 'ಮೂಡಲ ಮನೆಯ' ಇರುವುದು ಇದರಲ್ಲೇ. ಹಾಡು ಬಂತೆಂದು ಓಡಿಸಬೇಡಿ, ಈ ಚಿತ್ರದಲ್ಲಿ ಹಾಡು ಕಥೆಗೆ ಅಡ್ಡ ಬಂದದ್ದಲ್ಲ.

ಆಮೇಲೆ 'ತಬರನ ಕಥೆ'. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. ಚಾರುಹಾಸನ್‌ಗೆ ಇದಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ನಿವೃತ್ತ ಸರ್ಕಾರಿ ನೌಕರನ ಪೆನ್ಷನ್ ಫೈಲು, ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ನರಳುವ ಹೆಂಡತಿ. ಕಾಸರವಳ್ಳಿಯವರ ಲಯಕ್ಕೆ ಒಗ್ಗಿಕೊಳ್ಳಲು 'ಘಟಶ್ರಾದ್ಧ'ಕ್ಕಿಂತ ಇದು ಸುಲಭದ ಬಾಗಿಲು. ತಾಲ್ಲೂಕು ಕಚೇರಿ ಕಿಟಕಿ ಮುಂದೆ 'ನಾಳೆ ಬನ್ನಿ' ಅನ್ನಿಸಿಕೊಂಡವರು ನಿಧಾನ ಅಂತ ದೂರಲ್ಲ. ತೇಜಸ್ವಿ ಹಿಡಿಸಿದರೆ ಎನ್. ಲಕ್ಷ್ಮೀನಾರಾಯಣರ 'ಅಬಚೂರಿನ ಪೋಸ್ಟಾಫೀಸು' ಹುಡುಕಿ, 1973ರದು.

'ಸಂಸ್ಕಾರ'ಕ್ಕೆ ನಾಲ್ಕನೇ ಜಾಗ. 1970, ಪಟ್ಟಾಭಿರಾಮ ರೆಡ್ಡಿ, ಅನಂತಮೂರ್ತಿಯವರ ಕಾದಂಬರಿ. ಚಿತ್ರೀಕರಣ ನಡೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ, ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್ ಮೊದಲು ಇದನ್ನು ತಡೆಹಿಡಿದಿತ್ತು, ಆಮೇಲೆ ಇದಕ್ಕೇ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ. ಪ್ರಾಣೇಶಾಚಾರ್ಯನಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಒಂದು ಹೆಣ, ಅದಕ್ಕೆ ಸಂಸ್ಕಾರ ಮಾಡುವವರು ಯಾರು ಅನ್ನೋ ಜಗಳ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ ಅನ್ನೋದನ್ನು ತಲೆಯಲ್ಲಿಟ್ಟುಕೊಂಡು ನೋಡಿ, ಬ್ರಾಹ್ಮಣರ ವಾದವಿವಾದ ಎಲ್ಲ ಹಸಿದವರ ಮಾತಾಗಿ ಕೇಳಿಸುತ್ತದೆ. ಕಾದಂಬರಿ ಮೊದಲು ಓದಬೇಡಿ, ಓದಿದವರು ಇಡೀ ಹೊತ್ತು ಹೋಲಿಸುತ್ತಾ ಕೂರುತ್ತಾರೆ.

ಇವು ನಾಲ್ಕೂ ಆದ ಮೇಲೆ 'ಘಟಶ್ರಾದ್ಧ'ಕ್ಕೆ ವಾಪಸ್ ಹೋಗಿ. 1977ರ ಈ ಚಿತ್ರವನ್ನು ಫಿಲಂ ಹೆರಿಟೇಜ್ ಫೌಂಡೇಶನ್‌ನವರು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ಎಲ್ಲಾದರೂ ಚಿತ್ರೋತ್ಸವದಲ್ಲಿ ಬಂದರೆ ಬಸ್ ಹತ್ತಿ ಹೋಗಿ. ಬಿ.ವಿ. ಕಾರಂತರ ಸಂಗೀತವನ್ನು ಟಿವಿ ಸ್ಪೀಕರಿನಲ್ಲಿ ಕೇಳಿ ಅಭಿಪ್ರಾಯ ಹೇಳಬಾರದು. 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದ್ದಾರೆ. ಜನ ಮೆಚ್ಚಿಕೊಂಡರು, ನನಗೆ ಒಗ್ಗಲ್ಲ. 1971ರ ಕಪ್ಪು-ಬಿಳುಪನ್ನೇ ನೋಡಿ.

ಇನ್ನು ಆ 'ಸಾರ್ವಕಾಲಿಕ' ಪಟ್ಟಿಗಳ ವಿಚಾರ. ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 1952ರಲ್ಲಿ ಮೊದಲ ಸ್ಥಾನ 'ಬೈಸಿಕಲ್ ಥೀವ್ಸ್'ಗೆ, ಚಿತ್ರ ಬಂದು ಆಗಿನ್ನೂ ನಾಲ್ಕೇ ವರ್ಷ. 1962ರಿಂದ 2002ರವರೆಗೆ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೊ'. 2022ರಲ್ಲಿ 'ಜೀನ್ ಡೀಲ್ಮನ್', 201 ನಿಮಿಷದ್ದು, ಆಲೂಗೆಡ್ಡೆ ಸಿಪ್ಪೆ ತೆಗೆಯುವುದನ್ನೂ ಪೂರ್ತಿ ತೋರಿಸುವಂಥದ್ದು. ಮೇಲಿನಿಂದ ಕೆಳಗೆ ನೋಡುತ್ತಾ ಹೋಗುತ್ತೇನೆ ಅಂತ ಹೊರಟಿದ್ದರೆ ನಿಮ್ಮ ಮೊದಲ ಸಂಜೆಗೇ ಅದು ಬರುತ್ತಿತ್ತು. ಅಂಥ ಪಟ್ಟಿ ಮಾಡುವವರು ಸಾವಿರ ಚಿತ್ರ ನೋಡಿ ಮುಗಿಸಿದವರು, ನೋಡಲು ಶುರು ಮಾಡುವವರಿಗಾಗಿ ಅವರು ಮತ ಹಾಕಿದ್ದಲ್ಲ.

ಹೊರಗಿನವುಗಳಲ್ಲಿ ಚಾಪ್ಲಿನ್‌ನ 'ಮಾಡರ್ನ್ ಟೈಮ್ಸ್' ಮೊದಲು, 87 ನಿಮಿಷ, ಸಬ್‌ಟೈಟಲ್ ಓದುವ ಕೆಲಸವೇ ಕಡಿಮೆ, ಅಜ್ಜಿಯನ್ನೂ ಕೂರಿಸಿಕೊಳ್ಳಬಹುದು. ನಂತರ '12 ಆಂಗ್ರಿ ಮೆನ್', 96 ನಿಮಿಷ, ಹೆಚ್ಚುಕಡಿಮೆ ಒಂದೇ ಕೋಣೆ. 'ಬೈಸಿಕಲ್ ಥೀವ್ಸ್' 89 ನಿಮಿಷ. 'ಪಥೇರ್ ಪಾಂಚಾಲಿ'ಯ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬ್ ಬೆಂಕಿಯಲ್ಲಿ ಸುಟ್ಟಿತ್ತು. ಉಳಿದ ಭಾಗವನ್ನೂ ಬೇರೆ ಪ್ರತಿಗಳನ್ನೂ ಸೇರಿಸಿ ಸರಿಪಡಿಸಿದ್ದು 2015ರಲ್ಲಿ ಹೊರಬಂತು, ನೋಡುವುದಾದರೆ ಅದನ್ನೇ ನೋಡಿ. 'ಸೆವೆನ್ ಸಮುರಾಯ್' 207 ನಿಮಿಷ, ಮಧ್ಯೆ ನಿರ್ದೇಶಕ ಕುರೊಸಾವಾ ಅವರೇ ಇಟ್ಟ ಇಂಟರ್‌ವಲ್ ಇದೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಹಾಕಿ, ಇಂಟರ್‌ವಲ್ಲಿನಲ್ಲಿ ಕಾಫಿ ಕುಡಿದು ಮುಂದುವರಿಸಿ, ಆರು ಗಂಟೆಯೊಳಗೆ ಮುಗಿಯುತ್ತದೆ. ರಾತ್ರಿ ಊಟವಾದ ಮೇಲೆ ಮಾತ್ರ ಶುರು ಮಾಡಬೇಡಿ.