ಮುಂದಿನ ವಾರ ಅಮ್ಮನಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಇದೆ. ಮನೆಯಲ್ಲಿ ಏನು ಸಿದ್ಧತೆ ಮಾಡಿಕೊಳ್ಳಬೇಕು?

ಎಲ್ಲಕ್ಕಿಂತ ಮುಖ್ಯವಾದದ್ದು ಖಾಲಿ ಹೊಟ್ಟೆ. ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಸಾಮಾನ್ಯವಾಗಿ ಲಘು ಆಹಾರವನ್ನು ಕನಿಷ್ಠ 6 ಗಂಟೆ, ಬರೀ ನೀರನ್ನು 2 ಗಂಟೆ ಮೊದಲೇ ನಿಲ್ಲಿಸಬೇಕು. ನಿಮ್ಮ ಅರಿವಳಿಕೆ ತಜ್ಞರು ಹೇಳಿದ ಸಮಯವೇ ಅಂತಿಮ. ‘ಒಂದು ಗುಟುಕು ಕಾಫಿ ತಾನೆ’ ಎಂದು ದಯವಿಟ್ಟು ಕೊಡಬೇಡಿ, ಹಾಲು ಬೆರೆತರೆ ಅದೂ ಆಹಾರವೇ.

ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ನಾಟಿ ಔಷಧಿ, ಚೂರ್ಣಗಳನ್ನೂ ಮುಚ್ಚಿಡಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು, ಸಕ್ಕರೆ ಕಾಯಿಲೆಯ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸದೆ, ಯಾವುದನ್ನು ಎಂದಿನಿಂದ ಬಿಡಬೇಕೆಂದು ಕೇಳಿ ಬರೆದುಕೊಳ್ಳಿ.

ಅಲುಗಾಡುವ ಹಲ್ಲಿದ್ದರೆ ತಿಳಿಸಿ. ಬಳೆ, ಮೂಗುತಿ ಮನೆಯಲ್ಲೇ ತೆಗೆದಿಡಿ. ಉಗುರುಬಣ್ಣ ಅಳಿಸಿ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕಕ್ಕೆ ಅದು ಅಡ್ಡಿಯಾಗಬಹುದು. ಈ ನಡುವೆ ಜ್ವರ, ಕೆಮ್ಮು ಬಂದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ.